ಆರ್‌ವಿ ಪ್ರವಾಸ: ದಾರಿ ಹುಡುಕುವ ಮೊದಲು ಗಾಡಿಯ ಅಳತೆ ತಿಳಿದುಕೊಳ್ಳಿ

ಜನವರಿ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು. "ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ಆರ್‌ವಿ ಬಾಡಿಗೆಗೆ ತಗೊಂಡು ಶಿಕಾಗೋದಿಂದ ಯೆಲ್ಲೋಸ್ಟೋನ್‌ಗೆ ಹೋಗೋಣ ಅಂತಿದೀವಿ. ನೋಡೋಕೆ ಚೆನ್ನಾಗಿರೋ ದಾರಿ ಹೇಳಿ." ಆರ್‌ವಿ ಅಂದರೆ ಹಾಸಿಗೆ, ಒಲೆ ಎಲ್ಲ ಒಳಗೇ ಇರುವ ಮನೆಗಾಡಿ; ಯೆಲ್ಲೋಸ್ಟೋನ್ ಅಂದರೆ ಬಹುಪಾಲು ವಯೋಮಿಂಗ್ ರಾಜ್ಯದಲ್ಲಿರುವ ದೊಡ್ಡ ರಾಷ್ಟ್ರೀಯ ಉದ್ಯಾನ. ಅಮೆರಿಕದಲ್ಲಿ ಇಂಥ ಪ್ರವಾಸಗಳಿಗೆ ದಾರಿ ಹಾಕಿಕೊಡುವುದೇ ನನ್ನ ಕೆಲಸ. ಗಾಡಿ ಎಷ್ಟು ಉದ್ದ, ಎಷ್ಟು ಎತ್ತರ, ಎಷ್ಟು ಅಗಲ ಅಂತ ಮೊದಲು ನಾನೇ ಅವರನ್ನು ಕೇಳುತ್ತೇನೆ. ಅದು ಗೊತ್ತಾದ ಮೇಲೇ ಮ್ಯಾಪ್ ತೆರೆಯುವುದು.

ನಮ್ಮವರು ಜಾಸ್ತಿ ಬಾಡಿಗೆಗೆ ತೆಗೆದುಕೊಳ್ಳುವುದು ಕ್ಲಾಸ್ ಸಿ ಗಾಡಿ. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಅದು. ಉದ್ದ ಸಾಮಾನ್ಯವಾಗಿ 25ರಿಂದ 30 ಅಡಿ, ಎತ್ತರ 11–12 ಅಡಿ. ಅಗಲ 8 ಅಡಿಗಿಂತ ಜಾಸ್ತಿ, ಅದೂ ಕನ್ನಡಿಗಳನ್ನು ಬಿಟ್ಟು. ಕಾರಿನಲ್ಲಿ ಹೋಗಿಬಂದ ಗೆಳೆಯರ ಫೋಟೊ ನೋಡಿ ದಾರಿ ಆರಿಸಿಕೊಂಡರೆ ಈ ಗಾಡಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ದಕ್ಷಿಣ ಡಕೋಟದ ನೀಡಲ್ಸ್ ಹೈವೇಯನ್ನೇ ನೋಡಿ. ಸೂಜಿಗಳಂತೆ ನಿಂತ ಕಲ್ಲುಗಳ ನಡುವೆ ಹಾದುಹೋಗುವ ಅಪರೂಪದ ರಸ್ತೆ. ಆದರೆ ಅಲ್ಲಿನ ನೀಡಲ್ಸ್ ಐ ಸುರಂಗದ ಅಗಲವೇ ಸುಮಾರು 8 ಅಡಿ. ಮೊಂಟಾನದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲೂ ಅಷ್ಟೆ. 21 ಅಡಿಗಿಂತ ಉದ್ದದ ಅಥವಾ 8 ಅಡಿಗಿಂತ ಅಗಲದ ಗಾಡಿಯನ್ನು ಬೆಟ್ಟದ ಭಾಗಕ್ಕೆ ಬಿಡುವುದೇ ಇಲ್ಲ.

ಹಾಗಂತ ಆಸೆ ಬಿಡಬೇಕಾಗಿಲ್ಲ. ಗ್ಲೇಸಿಯರ್‌ನಲ್ಲಿ ಆರ್‌ವಿಯನ್ನು ಕ್ಯಾಂಪ್‌ಗ್ರೌಂಡಿನಲ್ಲೇ ಬಿಟ್ಟು, 1930ರ ದಶಕದ ಕೆಂಪು ಬಸ್ಸುಗಳಲ್ಲಿ ಮೇಲೆ ಹೋಗಿಬರಬಹುದು. ಡ್ರೈವ್ ಮಾಡುವವರಿಗೂ ಆಗ ಬೆಟ್ಟ ನೋಡಲು ಸಿಗುತ್ತದೆ. ನೀಡಲ್ಸ್ ಇರುವ ಕಸ್ಟರ್ ಸ್ಟೇಟ್ ಪಾರ್ಕಿನಲ್ಲೇ ವೈಲ್ಡ್‌ಲೈಫ್ ಲೂಪ್ ಅಂತ 18 ಮೈಲಿಯ ರಸ್ತೆ ಇದೆ. ಆರ್‌ವಿ ಅಲ್ಲಿ ಆರಾಮಾಗಿ ಹೋಗುತ್ತದೆ. ಕಾಡೆಮ್ಮೆ ಥರದ ಬೈಸನ್‌ಗಳ ಹಿಂಡು ರಸ್ತೆಗೇ ಬಂದು ನಿಲ್ಲುತ್ತದೆ. ಆಗ ಇಂಜಿನ್ ಆಫ್ ಮಾಡಿ ಕಾಯಿರಿ, ಕೆಳಗಿಳಿಯಬೇಡಿ. ಆರ್‌ವಿಯ ದೊಡ್ಡ ಕಿಟಕಿಯಿಂದ ಅಜ್ಜ ಅಜ್ಜಿಗೆ ಅವು ಕಾಣುವಷ್ಟು ಚೆನ್ನಾಗಿ ಕಾರಿನಿಂದ ಕಾಣುವುದಿಲ್ಲ.

ದೇಶದ ಉದ್ದಕ್ಕೂ ಚೆಂದದ ದಾರಿಯೇ ಬೇಕು ಅಂತ ಹಟ ಮಾಡಬೇಡಿ, ಇದು ನನ್ನ ಖಚಿತ ಅಭಿಪ್ರಾಯ. ಶಿಕಾಗೋದಿಂದ ದಕ್ಷಿಣ ಡಕೋಟದ ಬ್ಯಾಡ್‌ಲ್ಯಾಂಡ್ಸ್‌ವರೆಗಿನ ಬಯಲನ್ನು ಐ-90 ಹೆದ್ದಾರಿಯಲ್ಲೇ ದಾಟಿಬಿಡಿ. ಸಣ್ಣ ರಸ್ತೆ ಹಿಡಿದರೆ ಅದೇ ಮೆಕ್ಕೆಜೋಳದ ಹೊಲಗಳನ್ನು ನಿಧಾನವಾಗಿ ನೋಡುತ್ತೀರಿ, ಅಷ್ಟೆ. ಇಲ್ಲಿ ಉಳಿಸಿದ ದಿನಗಳು ಬೆಟ್ಟಗಳಲ್ಲಿ ಕೆಲಸಕ್ಕೆ ಬರುತ್ತವೆ. ಆರ್‌ವಿಯಲ್ಲಿ ದಿನಕ್ಕೆ 300 ಮೈಲಿ ಸಾಕು, ಮಧ್ಯಾಹ್ನ ಮೂರಕ್ಕೆ ಜಾಗ ಸೇರಿಬಿಡಿ. ಇದು ಹಳೆಯ ಆರ್‌ವಿ ಮಂದಿಯ ಲೆಕ್ಕ, ನಾನೂ ಅದನ್ನೇ ಹಿಡಿದಿದ್ದೇನೆ. ಪಶ್ಚಿಮಕ್ಕೆ ಹೋಗುವಾಗ ಸಂಜೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಕತ್ತಲಲ್ಲಿ ಮೊದಲ ಸಲ ರಿವರ್ಸ್ ಹಾಕಿ ನಿಲ್ಲಿಸುವ ಪರದಾಟ ಬೇರೆ.

ಬ್ಯಾಡ್‌ಲ್ಯಾಂಡ್ಸ್‌ನಲ್ಲಿ 131ನೇ ಎಕ್ಸಿಟ್‌ನಲ್ಲಿ ಇಳಿದು 240ನೇ ರಸ್ತೆ ಹಿಡಿಯಿರಿ. ಸವೆದ ಬಣ್ಣಬಣ್ಣದ ಮಣ್ಣುಗುಡ್ಡಗಳ ನಡುವೆ ಸುತ್ತಿ, ವಾಲ್ ಊರಿನ ಹತ್ತಿರ 110ನೇ ಎಕ್ಸಿಟ್‌ನಲ್ಲಿ ಮತ್ತೆ ಐ-90ಕ್ಕೆ ಬಂದು ಸೇರುತ್ತೀರಿ. ಇಷ್ಟು ಕಡಿಮೆ ಸುತ್ತಿಗೆ ಇಷ್ಟು ದೊಡ್ಡ ನೋಟ ಕೊಡುವ, ಆರ್‌ವಿಗೆ ಒಗ್ಗುವ ರಸ್ತೆ ಈ ದಾರಿಯಲ್ಲಿ ಇನ್ನೊಂದಿಲ್ಲ.

ಮುಂದೆ ವಯೋಮಿಂಗ್. ಬಿಗ್‌ಹಾರ್ನ್ ಬೆಟ್ಟಸಾಲನ್ನು ದಾಟಬೇಕು. ದಾರಿ ಆರಿಸುವುದರಲ್ಲಿ ನಿಜವಾದ ಕೆಲಸ ಇರುವುದು ಇಲ್ಲೇ. ದಾಟಲು ಮೂರು ರಸ್ತೆಗಳಿವೆ: ಯುಎಸ್-14, 14ಎ ಮತ್ತು 16. ಮ್ಯಾಪಿನಲ್ಲಿ ಮೂರೂ ಒಂದೇ ಥರದ ಗೆರೆ. ಗಾಡಿ ಓಡಿಸುವವರಿಗೆ ಮಾತ್ರ ಮೂರೂ ಬೇರೆ ಬೇರೆ. 14ಎ ಪಶ್ಚಿಮಕ್ಕೆ ಇಳಿಯುವ ಕಡೆ ಶೇ 10ರಷ್ಟು ಇಳಿಜಾರಿದೆ. ಅಂದರೆ 100 ಅಡಿ ಮುಂದೆ ಹೋದರೆ 10 ಅಡಿ ಕೆಳಗೆ, ಅದೂ ಮೈಲಿಗಟ್ಟಲೆ. ಹೊಸಬರಿಗೆ, ತುಂಬಿದ ಆರ್‌ವಿಯಲ್ಲಿ, ಇದು ಬೇಡವೇ ಬೇಡ. ನಾನು ಹಾಕಿಕೊಡುವುದು 16. ಬಫಲೋ ಊರಿಂದ ಹತ್ತಿ, 9,666 ಅಡಿಯ ಪೌಡರ್ ರಿವರ್ ಪಾಸ್ ದಾಟಿ, ಟೆನ್‌ಸ್ಲೀಪ್ ಕಣಿವೆಯಲ್ಲಿ ಇಳಿಯುತ್ತದೆ. ಮೂರರಲ್ಲಿ ಇದೇ ಸೌಮ್ಯ. ನೋಟದಲ್ಲೂ ಕಡಿಮೆಯಿಲ್ಲ. ಕಡಿದಾದ ಸುಣ್ಣಕಲ್ಲಿನ ಗೋಡೆಗಳ ನಡುವೆ ಇಳಿಯುತ್ತೀರಿ.

ಸೌಮ್ಯ ಅಂದರೂ ಇಳಿಜಾರು ಇಳಿಜಾರೇ. ಮೇಲೆಯೇ ನಿಲ್ಲಿಸಿ ಟೋ/ಹಾಲ್ ಬಟನ್ (ಭಾರದ ಗಾಡಿಯನ್ನು ತಗ್ಗಿನ ಗೇರ್‌ನಲ್ಲೇ ಇಡುವ ವ್ಯವಸ್ಥೆ) ಒತ್ತಿ, ಗೇರ್ ಇಳಿಸಿ, ಆಮೇಲೆ ಹೊರಡಿ. ವೇಗವನ್ನು ಇಂಜಿನ್ನೇ ಹಿಡಿಯಲಿ. ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ. ಬೇಕಾದಾಗ ಒಮ್ಮೆ ಗಟ್ಟಿಯಾಗಿ ಒತ್ತಿ, ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಆರಲು ಬಿಡಿ. ಹತ್ತುವಾಗ ಗಾಡಿ ಏದುಸಿರು ಬಿಟ್ಟರೆ ಹೆದರಬೇಡಿ. ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ ಪೆಟ್ರೋಲ್ ಇಂಜಿನ್ನಿನ ಶಕ್ತಿ ಪ್ರತಿ ಸಾವಿರ ಅಡಿಗೆ ಸುಮಾರು ಶೇ 3ರಷ್ಟು ಕಡಿಮೆಯಾಗುತ್ತದೆ. ಒಲೆಯದ್ದೂ ಒಂದು ಮಾತು: ಯೆಲ್ಲೋಸ್ಟೋನ್ ಕೆರೆಯ ಪಕ್ಕ, 7,700 ಅಡಿ ಮೇಲೆ, ನೀರು 92–93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಚಿಕ್ಕ ಕುಕ್ಕರ್ ಒಂದು ಮರೆಯದೆ ಇಟ್ಟುಕೊಳ್ಳಿ.

ನ್ಯೂಜೆರ್ಸಿ ಕಡೆಯವರು ಇನ್ನೊಂದು ನೋಡಬೇಕು. ಆರ್‌ವಿಯಲ್ಲಿ ಅಡುಗೆಗೆ ಪ್ರೊಪೇನ್ ಗ್ಯಾಸ್ ಇರುತ್ತದೆ. ನ್ಯೂಯಾರ್ಕ್‌ಗೆ ಹೋಗುವ ಹಾಲೆಂಡ್, ಲಿಂಕನ್ ಸುರಂಗಗಳಿಗೆ ಅದನ್ನು ಒಯ್ಯುವಂತಿಲ್ಲ. ನ್ಯೂಯಾರ್ಕ್ ಸುತ್ತಲಿನ ಪಾರ್ಕ್‌ವೇಗಳಲ್ಲಿ (ಕಾರುಗಳಿಗೆಂದೇ ಮಾಡಿದ ರಸ್ತೆಗಳಲ್ಲಿ) ಸೇತುವೆಗಳು ತಗ್ಗು. ಫೋನಿನ ಸಾಮಾನ್ಯ ಮ್ಯಾಪ್‌ಗೆ ನಿಮ್ಮ ಗಾಡಿ 12 ಅಡಿ ಎತ್ತರ ಇದೆ ಅಂತ ಗೊತ್ತಿರುವುದಿಲ್ಲ. ಗಾಡಿಯ ಎತ್ತರ ಹಾಕಿಕೊಳ್ಳುವ ಆರ್‌ವಿ ಜಿಪಿಎಸ್ ಬಳಸಿ. ಎತ್ತರವನ್ನು ಅಡಿ, ಇಂಚುಗಳಲ್ಲಿ ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ಡಿಕ್ಕಿಯ ಭಯ ಬೆಟ್ಟದಲ್ಲಷ್ಟೇ ಅಲ್ಲ, ಪೆಟ್ರೋಲ್ ಬಂಕ್ ಮತ್ತು ಡ್ರೈವ್-ಥ್ರೂ ಚಾವಣಿಗಳಲ್ಲೂ ಇದೆ.

ಗಾಳಿಯೂ ಲೆಕ್ಕಕ್ಕೆ ಬರಬೇಕು. ವಾಪಸ್ ಬರುವಾಗ ಐ-80 ಹಿಡಿದರೆ ವಯೋಮಿಂಗ್‌ನ ರಾಲಿನ್ಸ್–ಲಾರಮಿ ನಡುವೆ ಅಡ್ಡಗಾಳಿ ಆರ್‌ವಿಯನ್ನು ಪಕ್ಕದ ಲೇನಿಗೆ ತಳ್ಳುವಷ್ಟು ಜೋರಾಗಿರುತ್ತದೆ. ಬೆಳಿಗ್ಗೆ ರಸ್ತೆ ಇಲಾಖೆಯ ವರದಿ ನೋಡಿ. ಗಾಳಿ ಜಾಸ್ತಿ ಇದ್ದರೆ ಒಂದು ದಿನ ಅಲ್ಲೇ ಉಳಿಯಿರಿ.

ಇಷ್ಟಾದ ಮೇಲೂ ಬಾಡಿಗೆ ತಾರೀಖು ಗಟ್ಟಿ ಮಾಡಬೇಡಿ. ಮೊದಲು ಯೆಲ್ಲೋಸ್ಟೋನ್ ಒಳಗೆ ಜಾಗ ಹಿಡಿಯಿರಿ. ಕರೆಂಟು, ನೀರು, ಒಳಚರಂಡಿ ಮೂರೂ ಸಿಗುವ ಕ್ಯಾಂಪ್‌ಗ್ರೌಂಡ್ ಅಲ್ಲಿ ಒಂದೇ, ಫಿಶಿಂಗ್ ಬ್ರಿಡ್ಜ್. ಕರಡಿಗಳ ಓಡಾಟ ಇರುವುದರಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗಷ್ಟೇ ಅವಕಾಶ, ಟೆಂಟ್ ಇಲ್ಲ. ಬುಕ್ ಮಾಡುವಾಗ ಗಾಡಿಯ ಪೂರ್ತಿ ಉದ್ದ ಕೊಡಿ, ಹಿಂದಿನ ಏಣಿ ಸೇರಿಸಿ. ಪಾರ್ಕಿನೊಳಗಿನ ಎಂಟರ ಆಕಾರದ ಗ್ರ್ಯಾಂಡ್ ಲೂಪ್ 142 ಮೈಲಿ ಇದೆ. ಹಾಗಾಗಿ ಕನಿಷ್ಠ ಮೂರು ರಾತ್ರಿ ತೆಗೆದುಕೊಳ್ಳಿ. ಅಲ್ಲಿ ಸಿಗಲಿಲ್ಲವೆಂದರೆ ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಖಾಸಗಿ ಆರ್‌ವಿ ಪಾರ್ಕುಗಳಿವೆ. ಪಾರ್ಕಿನ ಪಶ್ಚಿಮ ಬಾಗಿಲು ಅಲ್ಲೇ ಪಕ್ಕದಲ್ಲಿದೆ.