ಹಗ್ಗ ಹರಿದರೆ ಬಿಡುಗಡೆಯೇ?

ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿದ ಮರುವಾರ ಮನೆಯವರು ನನ್ನ ಕಚೇರಿಗೆ ಬರುತ್ತಾರೆ. ಮೇಲ್ಮನವಿಯ ಮಾತು ಮುಗಿಯುವ ಮೊದಲೇ ಒಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಹಗ್ಗ ಹರಿದರೆ ಬಿಟ್ಟುಬಿಡಬೇಕಂತೆ, ಹೌದೇ?"

ಇಲ್ಲ. ಎಷ್ಟು ಸಲ ಹೇಳಲಿ! ನೇಣಿಗೆ ಹಾಕಿ ಎಂದಷ್ಟೇ ಆದೇಶವಿರುವುದಿಲ್ಲ, "ಪ್ರಾಣ ಹೋಗುವವರೆಗೆ" ಎಂದಿರುತ್ತದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 354(5)ನೇ ಕಲಂ ಹೇಳುತ್ತಿದ್ದುದೂ ಇದನ್ನೇ, ಈಗ ನಾಗರಿಕ ಸುರಕ್ಷಾ ಸಂಹಿತೆಯ 393(5) ಹೇಳುವುದೂ ಇದನ್ನೇ. ಹಗ್ಗ ಹರಿದರೆ ಶಿಕ್ಷೆ ಜಾರಿಯಾಗಿಲ್ಲ ಎಂದರ್ಥ, ತೀರಿತು ಎಂದಲ್ಲ.

ಹೊರದೇಶದ ಕಥೆ ಹೇಳುವವರೂ ಇದ್ದಾರೆ. 1885ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಜೈಲಿನಲ್ಲಿ ಜಾನ್ ಲೀಯ ಕಾಲಡಿಯ ಹಲಗೆ ಮೂರು ಸಲವೂ ತೆರೆಯಲಿಲ್ಲ, ನಿಜ. ಆದರೆ ಅವನು ಉಳಿದದ್ದು ಗೃಹಮಂತ್ರಿಯ ದಯೆಯಿಂದ, ಅದೂ ಜೀವಾವಧಿಗೆ. 1946ರಲ್ಲಿ ಲೂಸಿಯಾನದ ವಿದ್ಯುತ್ ಕುರ್ಚಿ ವಿಲ್ಲಿ ಫ್ರಾನ್ಸಿಸ್ ಎಂಬ ಹುಡುಗನನ್ನು ಕೊಲ್ಲಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಮತ್ತೆ ಕೂರಿಸಬಹುದು ಎಂದಿತು, ಮರುವರ್ಷ ಕೂರಿಸಿದರು. ಅಲಬಾಮದಲ್ಲಿ ಕೆನೆತ್ ಸ್ಮಿತ್‌ಗೆ 2022ರಲ್ಲಿ ವಿಷದ ಸೂಜಿ ಚುಚ್ಚಲು ರಕ್ತನಾಳ ಸಿಗಲಿಲ್ಲ. 2024ರ ಜನವರಿಯಲ್ಲಿ ನೈಟ್ರೋಜನ್ ಅನಿಲ ಕೊಟ್ಟು ಕೊಂದರು.

ಉಳಿಸುವುದೇನಿದ್ದರೂ ಕಡತ. ಹೈಕೋರ್ಟ್ ದೃಢೀಕರಿಸದೆ ಸೆಷನ್ಸ್ ನ್ಯಾಯಾಲಯದ ಗಲ್ಲು ಜಾರಿಯಾಗುವುದಿಲ್ಲ. ವೀರಪ್ಪನ್ ತಂಡದ 1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾದ ನಾಲ್ವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಅವರ ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತು 2013ರಲ್ಲಿ ತಿರಸ್ಕೃತವಾಯಿತು. ಆ ವಿಳಂಬದ ಕಾರಣಕ್ಕೇ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಪ್ರತಿ ಪ್ರಕರಣದ ದಾರಿಯೂ ಬೇರೆ. ಆದರೆ ಅಪರಾಧಿಯ ಬಾಲ್ಯ, ಮನಸ್ಸಿನ ಆರೋಗ್ಯ, ಜೈಲಿನ ನಡತೆ ಇವೆಲ್ಲ, ಗಲ್ಲೋ ಜೀವಾವಧಿಯೋ ಎಂದು ತೂಗಲು, ವಿಚಾರಣಾ ಹಂತದಲ್ಲೇ ನ್ಯಾಯಾಲಯದ ಮುಂದೆ ಬರಬೇಕೆಂದು 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಬ್ಬ ತಂದೆ ಹಗ್ಗದ ಪ್ರಶ್ನೆಯನ್ನೇ ಮೂರು ಸಲ ಕೇಳಿದರು. ಮಗ ಚಿಕ್ಕಂದಿನಲ್ಲಿ ಹೇಗಿದ್ದ ಎಂದು ನಾನು ತಿರುಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ನಾಲ್ಕನೆಯ ತರಗತಿಯ ಅಂಕಪಟ್ಟಿ. ಅದರೊಳಗೆ ಮಡಚಿಟ್ಟ, ಶಾಯಿ ಹರಡಿದ ಮಾನಸಿಕ ಚಿಕಿತ್ಸೆಯ ಚೀಟಿ. ಎರಡು ವರ್ಷದ ವಿಚಾರಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.