‘ಉದ್ಭವಿಸುವುದಿಲ್ಲ’

ಕಣದಲ್ಲಿ ಕಾಫಿ ಹರಡಿ, ಮೋಡ ನೋಡುತ್ತ ಕುಳಿತಿದ್ದ ಒಂದು ಮಧ್ಯಾಹ್ನ ಅಂಗಳಕ್ಕೆ ಜೀಪು ಬಂದು ನಿಂತಿತು. ಇಳಿದ ಹುಡುಗನ ಕಂಕುಳಲ್ಲಿ ಮೂರು ಆಲ್ಬಮ್, ಹಿಂದಿನ ಸೀಟಿನಲ್ಲಿ ಒಂದು ಟ್ರಂಕು. ಅವನ ದೊಡ್ಡಪ್ಪ ಒಂದು ಕಾಲದಲ್ಲಿ ಶಾಸಕರಾಗಿದ್ದರು. ಅವರ ನೆನಪಿಗೆ ಗ್ರಂಥ ತರಬೇಕಂತೆ. “ನೀವು ವಿಧಾನಸೌಧದಲ್ಲಿ ಇದ್ದವರು, ಸ್ವಲ್ಪ ತಿದ್ದಿಕೊಡಿ ಸರ್” ಎಂದ.

ನಾನು ವಿಧಾನಸಭೆಯ ಸಚಿವಾಲಯದಲ್ಲಿ ವರದಿಗಾರನಾಗಿ ನಿವೃತ್ತನಾದವನು. ಪತ್ರಿಕೆಯ ವರದಿಗಾರನಲ್ಲ ಎಂದು ಸೋಮವಾರಪೇಟೆಯಲ್ಲಿ ಇನ್ನೂ ಹೇಳುತ್ತಲೇ ಇದ್ದೇನೆ. ಸದನದ ನಡುವೆ ಮೇಜು ಹಾಕಿಕೊಂಡು ಶೀಘ್ರಲಿಪಿಯಲ್ಲಿ ಬರೆಯುತ್ತಾರಲ್ಲ, ಆ ಸಾಲಿನವನು. ಕೆಲವು ನಿಮಿಷಗಳ ಸರದಿ ಮುಗಿದೊಡನೆ ಮುಂದಿನವನಿಗೆ ಜಾಗ ಬಿಟ್ಟು, ಒಳಗೆ ಓಡಿ, ಗೀಚಿದ್ದನ್ನು ಅಕ್ಷರಕ್ಕೆ ಇಳಿಸಬೇಕು. ಹಾಗಾಗಿ ಇಂಥ ಟ್ರಂಕುಗಳು ನನ್ನ ಮನೆಗೆ ಬರುತ್ತಿರುತ್ತವೆ. ಇದು ನಾಲ್ಕನೆಯದೋ ಐದನೆಯದೋ.

ಟ್ರಂಕಿನೊಳಗೆ ಏನಿರುತ್ತದೆಂದು ತೆರೆಯುವ ಮೊದಲೇ ಗೊತ್ತು. ಮೈಸೂರು ಪೇಟ, ಮಡಿಕೆ ಬಿಚ್ಚದ ಶಾಲುಗಳು, ಗಂಧದ ಹಾರ. ಆಲ್ಬಮ್‌ನಲ್ಲಿ ಗುದ್ದಲಿ ಪೂಜೆ, ಗುದ್ದಲಿ ಪೂಜೆ, ಮತ್ತೆ ಗುದ್ದಲಿ ಪೂಜೆ. ನಡುವೆ ಹಾಕಿ ಪಂದ್ಯದ ಬಹುಮಾನ ವಿತರಣೆ ಒಂದು, ಮದುವೆಗಳು ಹತ್ತು. “ಇವರು ಸದನದಲ್ಲಿ ಏನು ಕೇಳಿದರು?” ಎಂದೆ. ಹುಡುಗ ಅರೆಕ್ಷಣ ತಡೆದು, “ಅದನ್ನೆಲ್ಲ ಯಾರು ಓದುತ್ತಾರೆ ಸರ್?” ಎಂದ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ರಸ್ತೆ ಮಾಡಿದ್ದು ಲೋಕೋಪಯೋಗಿ ಇಲಾಖೆ, ದುಡ್ಡು ಬಜೆಟ್ಟಿನದು, ಕೆಲಸ ಗುತ್ತಿಗೆದಾರನದು. ಶಾಸಕರು ಬೆನ್ನು ಹತ್ತಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆನ್ನು ಹತ್ತಿದ್ದಕ್ಕೆ ಸಾಕ್ಷಿ ಗುದ್ದಲಿ ಹಿಡಿದ ಫೋಟೊ ಆಗಲಾರದು, ಮುದ್ರಿತ ಕಾರ್ಯಕಲಾಪಗಳಲ್ಲಿ ಅವರ ಹೆಸರಿನ ಮುಂದೆ ಇರುವ ಸಾಲುಗಳು ಆಗುತ್ತವೆ. ಅವು ವಿಧಾನಸೌಧದ ಗ್ರಂಥಾಲಯದಲ್ಲಿವೆ, ಈಚಿನವು ಜಾಲತಾಣದಲ್ಲಿಯೂ ಇವೆ. ಕೇಳಿಕೊಂಡು ಹೋದವರನ್ನು ನಾನು ಕಂಡದ್ದು ಕಡಿಮೆ.

ನಮ್ಮ ಜಿಲ್ಲೆಯವರಿಗಂತೂ ಇದು ಗೊತ್ತಿರಲೇಬೇಕು. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ, 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಮಡಿಕೇರಿ ಕೋಟೆಯ ಹಳೆ ವಿಧಾನ ಸಭಾಂಗಣವನ್ನು ಈಗಲೂ ಆ ಹೆಸರಿನಿಂದಲೇ ಕರೆಯುತ್ತೇವೆ. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿದೆವು. ಮುಂದೆ ನಮ್ಮ ಪಾಲಿಗೆ ಮೂರು ಕ್ಷೇತ್ರಗಳಿದ್ದವು, 2008ರ ಚುನಾವಣೆಯ ಹೊತ್ತಿಗೆ ಸೋಮವಾರಪೇಟೆಯೂ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. 224ರಲ್ಲಿ ಎರಡು. ಕೈ ಎತ್ತಿ ಎಣಿಸುವ ಹೊತ್ತಿಗೆ ಈ ಇಬ್ಬರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಪ್ರಶ್ನೆ ಕೇಳುವಾಗ ಮಾತ್ರ ಇಬ್ಬರಾದರೂ ಒಂದೇ, ಇಪ್ಪತ್ತು ಜನರಾದರೂ ಒಂದೇ.

ಹಾಗೆಂದು ‘ಪ್ರಶ್ನೆ ಕೇಳಿದರು’ ಎಂದು ಬರೆದುಬಿಟ್ಟರೆ ಮುಗಿಯಲಿಲ್ಲ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇದು, ಇನ್ನೊಮ್ಮೆ ಹೇಳುತ್ತೇನೆ. ಪ್ರಶ್ನೆಯ ಹಾಳೆಯಲ್ಲಿ ಎರಡು ಅಂಕಣ. ಎಡಗಡೆ ಸದಸ್ಯರ ಪ್ರಶ್ನೆ (ಅ), (ಆ), (ಇ) ಎಂದು ಒಡೆದಿರುತ್ತದೆ. ಬಲಗಡೆ ಉತ್ತರ. ಒಬ್ಬ ಸದಸ್ಯರು ಹೀಗೆ ಕೇಳುತ್ತಾರೆ ಎನ್ನಿ. (ಅ) ಕಾಡಾನೆ ಹಾವಳಿಯಿಂದ ಬೆಳೆಗಾರರು ತೊಂದರೆಗೊಳಗಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಬಲಗಡೆ (ಅ)ಗೆ ‘ಬಂದಿದೆ’, (ಆ)ಗೆ ಸೋಲಾರ್ ಬೇಲಿ, ಆನೆ ಕಂದಕ ಎಂದು ನಾಲ್ಕು ಸಾಲು. ಮುಗಿಯಿತು. ‘ಪರಿಹಾರ ವಿಳಂಬವಾಗುತ್ತಿರುವುದು ಗಮನಕ್ಕೆ ಬಂದಿದೆಯೇ’ ಎಂದರೆ ಇನ್ನೂ ಸುಲಭ. (ಅ) ‘ಇಲ್ಲ’. (ಆ) ‘ಉದ್ಭವಿಸುವುದಿಲ್ಲ’. ಕನ್ನಡದಲ್ಲಿ ಇಷ್ಟು ಸುಖವಾದ ಪದ ಇನ್ನೊಂದಿಲ್ಲ. ಮೊದಲ ಮೆಟ್ಟಿಲಿನಲ್ಲೇ ‘ಇಲ್ಲ’ ಎಂದರೆ ಉಳಿದ ಮೆಟ್ಟಿಲುಗಳೆಲ್ಲ ತಾನಾಗಿ ಕುಸಿಯುತ್ತವೆ.

ಪಳಗಿದವರು ಗಮನಕ್ಕೆ ಬಂದಿದೆಯೇ ಎಂದು ಕೇಳುವುದೇ ಇಲ್ಲ. ಕಳೆದ ಮೂರು ವರ್ಷಗಳಲ್ಲಿ ಈ ತಾಲ್ಲೂಕಿನಿಂದ ಬೆಳೆ ಪರಿಹಾರಕ್ಕೆ ಬಂದ ಅರ್ಜಿಗಳೆಷ್ಟು, ಇತ್ಯರ್ಥವಾದವು ಎಷ್ಟು, ಬಾಕಿ ಎಷ್ಟು, ಬಾಕಿ ಉಳಿಯಲು ಕಾರಣವೇನು (ಹೋಬಳಿವಾರು ವಿವರ ನೀಡುವುದು) ಎನ್ನುತ್ತಾರೆ. ಅಲ್ಲಿ ‘ಉದ್ಭವಿಸುವುದಿಲ್ಲ’ ಎನ್ನಲು ಜಾಗವಿಲ್ಲ. ಕೆಳಗಿನ ಕಚೇರಿಯ ಗುಮಾಸ್ತ ಕಡತ ತೆಗೆಯಲೇಬೇಕು. ಎಷ್ಟೋ ಅರ್ಜಿಗಳಿಗೆ ಕಾಲು ಬರುವುದು ಆ ಕಡತ ತೆಗೆದ ದಿನ. ಕೇಳುವುದು ಯಾರನ್ನು ಎಂಬುದೂ ತಿಳಿದಿರಬೇಕು. ಆನೆಯ ವಿಷಯವನ್ನು ಕೃಷಿ ಸಚಿವರಿಗೆ ಕಳಿಸಿದರೆ ‘ಅರಣ್ಯ ಇಲಾಖೆಗೆ ಸಂಬಂಧಿಸಿದ್ದು’ ಎಂದು ಬರುತ್ತದೆ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ನಮ್ಮ ವಿನಾಯಿತಿಯ ಬಗ್ಗೆ ರಾಜ್ಯ ಸರ್ಕಾರವನ್ನು ಕೇಳಿದರೆ ಕೇಂದ್ರದತ್ತ ಕೈ ತೋರಿಸುತ್ತಾರೆ, ಅದು ಸರಿಯೂ ಹೌದು.

ಇನ್ನು ಚುಕ್ಕೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಉಪಪ್ರಶ್ನೆಯ ಬಿಸಿಯಲ್ಲಿ ಸಚಿವರು “ಮಾಡಿಸಿಕೊಡುತ್ತೇನೆ” ಎಂದರೆ ಅದು ಬಾಯಿಮಾತಲ್ಲ. ಭರವಸೆ ಎಂದು ಗುರುತಾಗಿ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹೋಗಬಹುದು. “ಪರಿಶೀಲಿಸುತ್ತೇನೆ” ಎಂಬುದನ್ನೂ ಭರವಸೆ ಎಂದು ಹಿಡಿಯಬಹುದು, ಆದರೆ ‘ಪರಿಶೀಲಿಸಲಾಗಿದೆ’ ಎಂದು ಬರೆದುಕೊಟ್ಟರೆ ಅದು ಈಡೇರಿದ ಹಾಗೆಯೇ. ಈ ಎರಡು ಕ್ರಿಯಾಪದಗಳ ನಡುವೆ ಎಷ್ಟೋ ಸೇತುವೆಗಳು ನಿಂತುಹೋಗಿವೆ.

ಇಷ್ಟು ಹೇಳಿದ ಮೇಲೆ ಜಾಣರೊಬ್ಬರು ಪ್ರಶ್ನೆಗಳನ್ನು ಎಣಿಸಿ ಪಟ್ಟಿ ಮಾಡಿಕೊಂಡು ಬಂದರು. ಅದೂ ಬೇಡ. ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಸಭಾಧ್ಯಕ್ಷರೂ ಕೇಳುವುದಿಲ್ಲ. ಕೆ.ಜಿ. ಬೋಪಯ್ಯನವರು 2009ರಿಂದ 2013ರವರೆಗೆ ಸಭಾಧ್ಯಕ್ಷರ ಪೀಠದಲ್ಲಿದ್ದರು. ಆ ವರ್ಷಗಳ ಅವರ ರಾಜಕೀಯವನ್ನು ಅಳೆಯುವವರು ಪ್ರಶ್ನೆಗಳ ಪಟ್ಟಿ ಹಿಡಿದರೆ ಸೊನ್ನೆ ಸಿಗುತ್ತದೆ. ಓದಬೇಕಾದ್ದು ಅವರ ಆದೇಶಗಳನ್ನು. 2010ರಲ್ಲಿ 16 ಶಾಸಕರನ್ನು ಅನರ್ಹಗೊಳಿಸಿದ್ದು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದು, ಎರಡನ್ನೂ ಒಟ್ಟಿಗೇ ಇಟ್ಟುಕೊಂಡು ಓದಬೇಕು.

ಆರ್. ಗುಂಡೂರಾಯರನ್ನೇ ನೋಡಿ. ಸೋಮವಾರಪೇಟೆಯಿಂದ ಗೆದ್ದು ಹೋದವರು 1980ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ಕೆಳಮನೆಯಲ್ಲಿ ಅವರು ಸರ್ಕಾರ ನಡೆಸುತ್ತಿದ್ದಾಗ ಮೇಲ್ಮನೆಯಲ್ಲಿ ಅದೇ ಸರ್ಕಾರದ ಮೇಲೆ ಗುಡುಗುತ್ತಿದ್ದವರೂ ಕೊಡಗಿನವರೇ, ಬಿಜೆಪಿಯ ಮೊದಲ ರಾಜ್ಯಾಧ್ಯಕ್ಷ ಎ.ಕೆ. ಸುಬ್ಬಯ್ಯ. ಒಬ್ಬರ ಕಥೆ ಇನ್ನೊಬ್ಬರಿಲ್ಲದೆ ಪೂರ್ತಿಯಾಗುವುದಿಲ್ಲ. 1983ರಲ್ಲಿ ಮುಖ್ಯಮಂತ್ರಿಯನ್ನೇ ಸೋಮವಾರಪೇಟೆ ಸೋಲಿಸಿತು, ಗೆದ್ದವರು ಬಿ.ಎ. ಜೀವಿಜಯ. ರಸ್ತೆ, ಕಟ್ಟಡ ಮಾತ್ರ ಎಣಿಸುವವರಿಗೆ ಆ ಸೋಲು ಅರ್ಥವಾಗುವುದಿಲ್ಲ.

ಶಾಸಕರ ಮೇಲೆ ನನಗೆ ಕನಿಕರವೂ ಇದೆ, ಅದನ್ನು ಮುಚ್ಚಿಡಬಾರದು. ಶಾಸಕರ ಭವನದ ಕೋಣೆಗಳಲ್ಲಿ ಊರಿನವರು ನೆಲದ ಮೇಲೆ ಸಾಲಾಗಿ ಮಲಗಿರುವುದನ್ನು ಕಂಡಿದ್ದೇನೆ. ಒಬ್ಬನಿಗೆ ಆಸ್ಪತ್ರೆ, ಒಬ್ಬನಿಗೆ ವರ್ಗಾವಣೆ, ಒಬ್ಬನಿಗೆ ಸುಮ್ಮನೆ ಬೆಂಗಳೂರು. ನಡುರಾತ್ರಿಯವರೆಗೆ ಅವರ ಮಾತು ಕೇಳಿ, ಬೆಳಗ್ಗೆ ಉಪಪ್ರಶ್ನೆಗೆ ಸಿದ್ಧರಾಗುವುದು ಹೇಗೆ? ಮದುವೆಗೆ ಬಾರದ ಶಾಸಕನನ್ನು ನಾವು ಮರೆಯುವುದಿಲ್ಲ, ಅಧಿವೇಶನಕ್ಕೆ ಹೋಗದವನನ್ನು ಯಾರೂ ಕೇಳುವುದಿಲ್ಲ.

ಹುಡುಗನಿಗೆ ಇಷ್ಟನ್ನೂ ಹೇಳಿದೆ. ಸುಮ್ಮನೆ ತಲೆಯಾಡಿಸಿ ಹೋದ, ಬರಲಿಕ್ಕಿಲ್ಲ ಎಂದುಕೊಂಡೆ. ಮಳೆ ಹಿಡಿಯುವ ಮೊದಲು ಮತ್ತೆ ಬಂದ. ಬೆಂಗಳೂರಿಗೆ ಹೋಗಿ ಜೆರಾಕ್ಸ್ ಮಾಡಿಸಿದ್ದ ಹಾಳೆಗಳು ಕೈಯಲ್ಲಿದ್ದವು. ಅವನ ದೊಡ್ಡಪ್ಪ ಒಂದೇ ಸೇತುವೆಯ ಬಗ್ಗೆ ಮೂರು ಅಧಿವೇಶನಗಳಲ್ಲಿ ಕೇಳಿದ್ದರು. ಮೊದಲ ಸಲ ‘ಉದ್ಭವಿಸುವುದಿಲ್ಲ’. ಎರಡನೆಯ ಸಲ ‘ಅನುದಾನದ ಲಭ್ಯತೆಗೆ ಅನುಗುಣವಾಗಿ’. ಮೂರನೆಯದಕ್ಕೆ ಅಂದಾಜು ಪಟ್ಟಿಯ ಮೊತ್ತವೇ ಇತ್ತು. “ಈ ಸೇತುವೆಯ ಫೋಟೊ ಆಲ್ಬಮ್‌ನಲ್ಲಿ ಇಲ್ಲ ಸರ್,” ಎಂದ ಹುಡುಗ, “ಉದ್ಘಾಟನೆಯ ಹೊತ್ತಿಗೆ ದೊಡ್ಡಪ್ಪ ಸೋತಿದ್ದರು.”

ಗ್ರಂಥ ಬಂದಿದೆ. ಅರವತ್ತು ಪುಟ ಫೋಟೊ, ನಾಲ್ಕು ಪುಟ ಪ್ರಶ್ನೋತ್ತರ. ಆ ನಾಲ್ಕರಲ್ಲಿ ಒಂದರಲ್ಲಿ (ಇ) ಬಿಟ್ಟುಹೋಗಿದೆ. ಮುದ್ರಣಾಲಯದವರ ತಪ್ಪು ಎಂದು ಹುಡುಗ ಹೇಳುತ್ತಾನೆ. ಕರಡು ತಿದ್ದಿದವನು ನಾನು.