ಮೆದು ವಸಂತ ಗೋಧಿ: ತಳಿ ವಿವರಣೆ ಓದುವ ಬಗೆ

ನಮ್ಮ ಕೊಡಗಿನಲ್ಲಿ ಕಾಫಿ, ಮೆಣಸು, ಭತ್ತ, ಶುಂಠಿ ನೋಡಿ ಕಲಿಯಬಹುದು. ಗೋಧಿಯನ್ನು ಮಾತ್ರ ಪುಸ್ತಕದಲ್ಲೇ ನೋಡಬೇಕು. ಅದಕ್ಕೇ ಒಂದು ತಳಿಯನ್ನು ಹಿಡಿದುಕೊಂಡು ಓದುವುದು ಸುಲಭ. ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯ 2005ರಲ್ಲಿ ಬಿಡುಗಡೆ ಮಾಡಿದ 'ಲೂಯಿಸ್' ಎಂಬ ಬಿಳಿ ಮೆದು ಗೋಧಿಯನ್ನು ತೆಗೆದುಕೊಳ್ಳೋಣ.

ಮೊದಲು 'ವಸಂತ' ಅನ್ನುವುದನ್ನು ಮುಗಿಸಿಬಿಡೋಣ. ಚಳಿಗಾಲದ ಗೋಧಿ ತೆನೆ ಬಿಡಬೇಕಾದರೆ ಹಲವು ವಾರ ಕೊರೆಯುವ ಚಳಿ ಬೇಕು. ಮಡಿಕೇರಿಯ ಡಿಸೆಂಬರ್ ಚಳಿಯೂ ಅದಕ್ಕೆ ಸಾಲದು. ವಸಂತ ಗೋಧಿಗೆ ಆ ಹಂಗಿಲ್ಲ. ವಾಷಿಂಗ್ಟನ್ ಕಡೆ ಮಾರ್ಚ್-ಏಪ್ರಿಲ್‌ನಲ್ಲಿ ಬಿತ್ತಿ, ಆಗಸ್ಟ್ ಹೊತ್ತಿಗೆ ಕೊಯ್ಯುತ್ತಾರೆ. ಧಾರವಾಡ, ವಿಜಯಪುರದ ಕಡೆ ಹಿಂಗಾರಿನಲ್ಲಿ ಬಿತ್ತುವುದೂ ಇದೇ ಗುಣದ ಗೋಧಿ.

ಈಗ 'ಮೆದು'. ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಕಾಳು ಮೆದುವಾಗಿರುವುದು ಬೇರೆ, ಪ್ರೋಟೀನ್ ಕಡಿಮೆ ಇರುವುದು ಬೇರೆ. ಮೆದುತನ ಬರುವುದು ಪ್ಯುರೊಇಂಡೊಲಿನ್ ಎಂಬ ಎರಡು ಜೀನ್‌ಗಳಿಂದ. ಎರಡೂ ಸರಿಯಾಗಿದ್ದರೆ ಕಾಳು ಮೆದು, ಒಂದು ಕೆಟ್ಟರೂ ಗಟ್ಟಿ. ಪಾಸ್ತಾಕ್ಕೆ ಬಳಸುವ ಡ್ಯೂರಮ್ ಗೋಧಿಯಲ್ಲಿ ಈ ಜೀನ್‌ಗಳೇ ಇಲ್ಲ, ಅದಕ್ಕೇ ಅದು ಅಷ್ಟೊಂದು ಗಟ್ಟಿ. ಮೆದು ಕಾಳನ್ನು ಬೀಸಿದಾಗ ಪಿಷ್ಟದ ಕಣಗಳು ಜಾಸ್ತಿ ಒಡೆಯುವುದಿಲ್ಲ. ಹಿಟ್ಟು ನೀರು ಕಡಿಮೆ ಕುಡಿಯುತ್ತದೆ, ಬಿಸ್ಕತ್ತು ಚೆನ್ನಾಗಿ ಹರಡುತ್ತದೆ.

ಪ್ರೋಟೀನ್ ಎಷ್ಟು ಅನ್ನುವುದು ಮಾತ್ರ ರೈತರ ಕೈಯಲ್ಲೂ ಅರ್ಧ ಇದೆ. ಮೆದು ಬಿಳಿ ಗೋಧಿಯಲ್ಲಿ ಸುಮಾರು 8ರಿಂದ 10 ಶೇಕಡ ಇದ್ದರೆ ಗಿರಣಿಯವರಿಗೆ ಖುಷಿ. ತಡವಾಗಿ ಸಾರಜನಕ ಕೊಟ್ಟರೆ ಪ್ರೋಟೀನ್ ಏರುತ್ತದೆ. ಚಪಾತಿ, ಬ್ರೆಡ್ಡಿನ ಗೋಧಿಗೆ ಅದು ಲಾಭ, ಕೇಕಿನ ಗೋಧಿಗೆ ನಷ್ಟ. ಗೊಬ್ಬರ ಜಾಸ್ತಿಯಾದರೆ ಗುಣಮಟ್ಟ ಕೆಡುವ ಬೆಳೆ ಇದು. ಪರೀಕ್ಷೆಯಲ್ಲಿ ಈ ಅಂಶ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ, ಅಲ್ವಾ?

ರೋಗದ ವಿಷಯ ನಮಗೆ ಬೇಗ ಅರ್ಥವಾಗುತ್ತದೆ. ಅರೇಬಿಕಾ ಕಾಫಿ ಎಲೆಯ ಅಡಿಯ ಕಿತ್ತಳೆ ಪುಡಿ ನೋಡಿದವರಿಗೆ ತುಕ್ಕು ರೋಗ ಹೊಸದಲ್ಲ. ಗೋಧಿಯ ಪಟ್ಟೆ ತುಕ್ಕಿನ ಶಿಲೀಂಧ್ರ ಬೇರೆ, ಅದಕ್ಕೆ ತಂಪು ಹವೆ ಇಷ್ಟ. ಲೂಯಿಸ್‌ನ ನಿರೋಧಕತೆ ಕೆಲಸ ಮಾಡುವುದು ಗಿಡ ಬಲಿತು ಬಿಸಿಲು ಏರಿದ ಮೇಲೆ. ಎಳೆ ಪೈರಿಗೆ ಆ ರಕ್ಷಣೆ ಇಲ್ಲ. ಆದರೆ ಇಂಥ ನಿರೋಧಕತೆ ಸಾಮಾನ್ಯವಾಗಿ ಹೆಚ್ಚು ವರ್ಷ ಬಾಳುತ್ತದೆ. ಗೋಧಿ ಪೈರಿಗೆ ಬೀಳುವ ಹೆಸ್ಸಿಯನ್ ನೊಣ ಎಂಬ ಕೀಟವನ್ನೂ ಈ ತಳಿ ತಡೆದುಕೊಳ್ಳುತ್ತದೆ.

ಕೊನೆಗೆ ಮಳೆ. ಬಿಳಿ ಗೋಧಿ ಕೊಯ್ಲಿನ ಹೊತ್ತಿಗೆ ನೆನೆದರೆ ತೆನೆಯಲ್ಲೇ ಮೊಳೆಯುವ ಭಯ ಕೆಂಪು ಗೋಧಿಗಿಂತ ಜಾಸ್ತಿ. ಮೊಳೆತ ಕಾಳಿನ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ. ಇದನ್ನು ಅಳೆಯುವುದು 'ಫಾಲಿಂಗ್ ನಂಬರ್' ಪರೀಕ್ಷೆಯಲ್ಲಿ: ಹಿಟ್ಟಿನ ಬಿಸಿ ಗಂಜಿಯೊಳಗೆ ಕಡ್ಡಿ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂಬ ಲೆಕ್ಕ. ಪಿಷ್ಟ ಕರಗಿ ಗಂಜಿ ತೆಳುವಾದರೆ ಕಡ್ಡಿ ಬೇಗ ಇಳಿಯುತ್ತದೆ. 300 ಸೆಕೆಂಡಿಗಿಂತ ಕೆಳಗೆ ಬಂದರೆ ಅಲ್ಲಿನ ವ್ಯಾಪಾರಿಗಳು ಬೆಲೆ ಕಡಿಯುತ್ತಾರೆ. ಕೊಯ್ಲಿನ ಹೊತ್ತಿಗೆ ಮಳೆ ಬರುವ ಊರಿಗೆ ತಳಿ ಆರಿಸುವಾಗ ನಾನಾದರೆ ಇಳುವರಿಗಿಂತ ಮೊದಲು ಈ ಅಂಕಿಯನ್ನೇ ನೋಡುತ್ತೇನೆ.